ಎದುರು ಮನೆಯ ನಡೆ

ನಮ್ಮೂರಲ್ಲಿ ಒಂದು ಕಿಟಕಿ ಇಡಿಸಬೇಕೆಂದರೆ ಮರ, ಬಡಗಿ, ಗಾರೆ ಇವೆಲ್ಲ ಸಣ್ಣ ಖರ್ಚು. ದೊಡ್ಡ ಖರ್ಚು ಎದುರು ಮನೆಯವರದು. ಕಿಟಕಿಗಾದರೆ ಎರಡು ಸಲ ಹೋಳಿಗೆ ಕಳಿಸಬೇಕು, ಒಂದು ಮಧ್ಯಾಹ್ನ ಅವರ ಮನೆಯ ಕೂಸನ್ನು ಎತ್ತಿಕೊಂಡು ತಿರುಗಬೇಕು. ಹೊಸ ಒಲೆಗೆ ಒಂದು ಡಬ್ಬಿ ಶೇಂಗಾ ಚಟ್ನಿ ಸಾಕು. ಎಮ್ಮೆ ಕಟ್ಟುವುದಾದರೆ ಮೊದಲ ಗಿಣ್ಣು ಅವರಿಗೆ. ಮಗಳ ಮದುವೆಗೆ ಮಾತ್ರ ಇಷ್ಟೇ ಅಂತ ಹೇಳಲಾಗದು; ಎದುರು ಮನೆಯ ಮುದುಕ ಹೇಳಿದ್ದನ್ನೇ ಹೇಳಿದರೂ ಮೊದಲ ಸಲ ಕೇಳಿದವರ ಹಾಗೆ ಬಾಯಿ ತೆರೆದು ಕೂತಿರಬೇಕು, ಅವನು ನಗುವ ಮೊದಲೇ ನಗಬೇಕು.

ಯಾಕೆಂದರೆ ಇಲ್ಲಿ ಒಂದು ಮನೆ ಒಂದು ಕೆಲಸ ಮಾಡಿತೆಂದರೆ, ಎದುರು ಮನೆ ಒಂದು ಮಾಡುವ ತನಕ ಅದು ಇನ್ನೊಂದಕ್ಕೆ ಕೈ ಹಾಕುವಂತಿಲ್ಲ. ಉಣ್ಣುವುದು, ಮೀಯುವುದು, ಜಗಳಾಡುವುದು ಲೆಕ್ಕಕ್ಕಿಲ್ಲ. ನಿನ್ನೆ ಮನೆಯಲ್ಲಿ ಇಲ್ಲದ್ದು ಇವತ್ತು ಬಂದರೆ, ನಿನ್ನೆ ಇದ್ದದ್ದು ಇವತ್ತು ಹೋದರೆ, ಅದು ಸರದಿ. ಹುಟ್ಟೂ ಸರದಿಯೇ, ಸಾವೂ ಸರದಿಯೇ. ಸರದಿ ತಪ್ಪಿ ಮಾಡಿದ್ದು ನಿಲ್ಲುವುದಿಲ್ಲ. ಗೋಡೆಗೆ ಹೊಡೆದ ಮೊಳೆ ಬೆಣ್ಣೆಯಿಂದ ಜಾರಿದ ಹಾಗೆ ಜಾರಿ ಬೀಳುತ್ತದೆ. ದರ್ಜಿ ಇಮಾಮಸಾಬರು ಒಮ್ಮೆ ನೋವು ತಾಳಲಾರದೆ ಸರದಿ ಇಲ್ಲದಾಗ ದವಡೆ ಹಲ್ಲು ಕೀಳಿಸಿಕೊಂಡರು. ಬೆಳಗಾಗುವುದರೊಳಗೆ ಹಲ್ಲು ಬಾಯಿಗೆ ವಾಪಸ್ಸು ಬಂದಿತ್ತು, ನೋವಿನ ಸಮೇತ.

ಹಾಗಂತ ಎದುರು ಮನೆಯವರ ಕೈ ಹಿಡಿದು ಸುಮ್ಮನೆ ಒಂದು ಕೆಲಸ ಮಾಡಿಸಿಬಿಡುತ್ತೇನೆ ಅಂದರೂ ನಡೆಯುವುದಿಲ್ಲ. ಮನಸ್ಸಿಲ್ಲದೆ ಮಾಡಿದ್ದೂ ನಿಲ್ಲದು. ಇದು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಎದುರು ಮನೆಯ ಅಡಿವೆಪ್ಪನಿಗೆ ನಾನು ನೀರು ತುಂಬುವ ಒಂದು ಹೊಸ ಮಣ್ಣಿನ ಹರವಿ ಉಡುಗೊರೆ ಕೊಟ್ಟೆ. ಹೊಸ್ತಿಲು ದಾಟುತ್ತಿದ್ದ ಹಾಗೆ ಅದು ತಾನಾಗಿ ಎರಡು ಹೋಳಾಯಿತು. ಅಡಿವೆಪ್ಪ ಹೋಳುಗಳನ್ನು ಜೋಡಿಸಿ ನೋಡಿ, "ಛಲೋ ಹರವಿ ಇತ್ತವ್ವ" ಅಂದ. ಆ ವರ್ಷ ಅವನಿಗೆ ನಾನು ಸುರಿದದ್ದನ್ನು ಲೆಕ್ಕ ಹಾಕಿದರೆ, ದಿನಾ ಬಿಸಿ ರೊಟ್ಟಿ, ವಾರಕ್ಕೊಮ್ಮೆ ಎಣ್ಣೆಗಾಯಿ, ಹಬ್ಬಕ್ಕೆ ಕಡುಬು, ಒಂದು ಹರವಿ, ಮತ್ತೆ ನನ್ನ ಅರ್ಧ ತಾಳ್ಮೆ. ಉಳಿದರ್ಧ ತಾಳ್ಮೆ ನನ್ನ ಗಂಡನಿಗೆ ಖರ್ಚಾಗಿತ್ತು.

ನನ್ನ ಹೆಸರು ಸಾವಂತ್ರೆವ್ವ. ರೊಟ್ಟಿ ಬಡಿದು ಮಾರುತ್ತೇನೆ. ಗಂಡ ಬಾಳಪ್ಪನಿಗೆ ಸೈಕಲ್ ಅಂಗಡಿ. ಮನೆಯಲ್ಲಿ ನನ್ನತ್ತೆ ತುಂಗವ್ವ ಇದ್ದಾಳೆ, ಬಾಳಪ್ಪನ ತಾಯಿ. ಅವಳ ಎರಡೂ ಕಣ್ಣಿಗೆ ಪೊರೆ ಬಂದು, ಮಬ್ಬು ಬೆಳಕು ಬಿಟ್ಟರೆ ಏನೂ ಕಾಣದಂತಾಗಿತ್ತು. ಜೋಳ ಹಸನು ಮಾಡುತ್ತೇನೆಂದು ಮೊರ ಹಿಡಿದು ಕೂತು, ಕಲ್ಲು ಒಳಗೆ ಬಿಟ್ಟು ಕಾಳು ಹೊರಗೆ ಎಸೆಯುತ್ತಿದ್ದಳು. ಬೇಡ ಅಂದರೆ ಅಳುತ್ತಿದ್ದಳು. ಅಳುವುದನ್ನು ತೋರಿಸಿಕೊಳ್ಳದೆ ನನ್ನನ್ನು ಬೈಯುತ್ತಿದ್ದಳು. ವರ್ಷಕ್ಕೊಮ್ಮೆ ನಮ್ಮೂರಿಗೆ ಕಣ್ಣಿನ ಡಾಕ್ಟರಮ್ಮ ಬಂದು ಶಾಲೆಯ ಪಡಸಾಲೆಯಲ್ಲಿ ಒಂದು ವಾರ ಇದ್ದು ಪೊರೆ ತೆಗೆದು ಹೋಗುತ್ತಾರೆ. ಹಿಂದಿನ ವರ್ಷವೇ ಅತ್ತೆಯ ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, "ಮುಂದಿನ ಸಲ ಮಾಡಿಸಲೇಬೇಕು, ಅದಕ್ಕಿಂತ ತಡ ಆದರೆ ನಾನು ಏನೂ ಹೇಳಲಾರೆ" ಅಂದಿದ್ದರು.

ಮಳೆಗಾಲದ ಮೊದಲು ಎದುರು ಮನೆಯ ದಾನವ್ವ ತೀರಿಕೊಂಡಳು. ಅಡಿವೆಪ್ಪನ ಹೆಂಡತಿ. ಉಪ್ಪಿನಕಾಯಿ ಮಾರುವ ಮನೆ ಅದು. ಕೈ ಅವಳದು, ತಕ್ಕಡಿ ಅವನದು. ಅವಳು ಹೋದದ್ದು ಆ ಮನೆಯ ಸರದಿ. ಹೀಗೆ ಹೇಳಬಾರದು, ಆದರೆ ನಮ್ಮೂರಲ್ಲಿ ಎಲ್ಲರೂ ಹೆಣದ ಮುಂದೆ ಅಳುತ್ತಲೇ ಇದನ್ನೂ ಲೆಕ್ಕ ಹಾಕಿಕೊಳ್ಳುತ್ತಾರೆ. ಸರದಿ ನಮ್ಮ ಮನೆಗೆ ಬಂತು. ನಾನು ಅದನ್ನು ತುಪ್ಪದ ಹಾಗೆ ಕಾಪಾಡಿದೆ. ಸೀಳಿದ ಮೊರ ಬದಲಿಸಲಿಲ್ಲ, ಕುಂಟುವ ಮಂಚಕ್ಕೆ ಕಾಲು ಹಾಕಿಸಲಿಲ್ಲ. ಡಾಕ್ಟರಮ್ಮ ಬರುವ ತನಕ ನಮ್ಮ ಮನೆಯಲ್ಲಿ ಏನೂ ಆಗಕೂಡದು ಅಂತ ಬಾಗಿಲಲ್ಲಿ ಕಾವಲು ಕೂತೆ.

ಇನ್ನೇನು ಒಂದು ತಿಂಗಳಿದೆ ಅನ್ನುವಾಗ ಬಾಳಪ್ಪ ಸಂತೆಯಿಂದ ಒಂದು ಚದುರಂಗದ ಮಣೆ ತಂದ.

ಶಿವನಿ ಕಟ್ಟಿಗೆಯ ಮಣೆ, ಕಡೆದು ಮಾಡಿದ ಕಾಯಿಗಳು, ಕುದುರೆಗೆ ಹಲ್ಲು ಕೂಡ ಕೆತ್ತಿದ್ದರು. ನನ್ನ ಮುಖ ನೋಡಿ ಅವನು, "ಆಟಿಗಿ ಸಾಮಾನು ಲೆಕ್ಕಕ್ಕ ಬರೂದಿಲ್ಲ ಬಿಡ" ಅಂದ. ನಾನು ಸುತ್ತಿಗೆ ತಂದು ಕೈಗೆ ಕೊಟ್ಟೆ. ಅವನು ಗೋಡೆಗೆ ಒಂದು ಮೊಳೆ ಹೊಡೆದ. ಮೊಳೆ ಜಾರಿ ಬಂದು ಅವನ ಕಾಲ ಹೆಬ್ಬೆರಳ ಪಕ್ಕ ಬಿತ್ತು. ಇನ್ನೊಂದು ಹೊಡೆದ, ಅದೂ ಬಿತ್ತು. ಮೂರನೆಯದಕ್ಕೆ ಅವನಿಗೆ ಧೈರ್ಯ ಬರಲಿಲ್ಲ.

ಒಳಗಿನಿಂದ ಅತ್ತೆ ಕೇಳಿದಳು, "ಅದೇನಲೇ ಸಪ್ಪಳ?"

"ನಿನ್ನ ಕಣ್ಣು ಬಿದ್ದ ಸಪ್ಪಳ, ಅತ್ತಿ" ಅಂದೆ.

ಈಗ ಸರದಿ ಅಡಿವೆಪ್ಪನದು. ಅವನು ಒಂದು ಕೆಲಸ ಮಾಡಿದರೆ ಸಾಕು, ನಮಗೆ ವಾಪಸ್ಸು ಬರುತ್ತದೆ. ಬೇರೆ ಯಾರ ಮನೆ ಎದುರಿಗಿದ್ದರೂ ಇದು ಎರಡು ದಿನದ ಮಾತು. ಆದರೆ ಅಡಿವೆಪ್ಪನ ಬಾಯಲ್ಲಿ ಒಂದೇ ಮಾತು, "ನೆನೀಲಿ." ಮಾವಿನಕಾಯಿ ಉಪ್ಪಲ್ಲಿ ನೆನೆಯಬೇಕು, ನಿಂಬೆ ಬಿಸಿಲಲ್ಲಿ ನೆನೆಯಬೇಕು, ಹಾಗೆಯೇ ವಿಚಾರವೂ ನೆನೆಯಬೇಕು. ದಾನವ್ವ ಇದ್ದಾಗ ಅವಳೇ ಭರಣಿಯ ಮುಚ್ಚಳ ತೆಗೆದು "ಸಾಕು, ನೆಂದೈತಿ" ಅನ್ನುತ್ತಿದ್ದಳು. ಈಗ ಹೇಳುವವರಿಲ್ಲ. ಮನೆಯ ಹಂಚು ಜಾರಿ ಅಡುಗೆ ಮನೆಗೆ ಬಿಸಿಲು ಬೀಳುತ್ತಿತ್ತು. ಅವನು ಆ ಬಿಸಿಲಲ್ಲೇ ಕೂತು ಉಣ್ಣುತ್ತಿದ್ದ.

"ಹಂಚರೆ ಹಾಕಸ್ರಿ" ಅಂದೆ.

"ಹಾಕಸಬೇಕು."

"ಯಾವಾಗ?"

"ಹಳೇ ಹಂಚ ಹಾಕಸೂದೋ, ಹೊಸಾದು ಹಾಕಸೂದೋ ನೋಡಬೇಕು. ಸರದಿ ಅಂದ್ರ ಹುಡುಗಾಟ ಅಲ್ಲ. ನೆನೀಲಿ."

ಡಾಕ್ಟರಮ್ಮನ ಜೀಪು ಊರಿಗೆ ಬಂದೇ ಬಿಟ್ಟಿತು. ಆ ದಿನ ಬಾಳಪ್ಪ ಮೀಸೆ ತಿರುವಿಕೊಂಡು ಬಂದು, "ನಾ ಕಳದಿದ್ದು ನಾನ ತರ್ತೀನಿ. ಅಡಿವೆಪ್ಪಗ ಮಣಿ ಹಾಕ್ತೀನಿ" ಅಂದ.

ಮಣೆ ಹಾಕುವುದೆಂದರೆ ಇದು ನಮ್ಮೂರಿನ ಕಡೆಯ ದಾರಿ. ಎರಡು ಮನೆಗಳ ನಡುವೆ ಬೀದಿಯ ಮಧ್ಯಕ್ಕೆ ಚದುರಂಗದ ಮಣೆ ಇಟ್ಟು ಕೂರುವುದು. ಮಣೆ ಹಾಕಿದವರಿಗೆ ಬಿಳಿ ಕಾಯಿ. ಗೆದ್ದವರಿಗೆ ಸರದಿ. ಸೋತವರು ಎದುರಿನವರು ಎರಡು ಕೆಲಸ ಮಾಡುವ ತನಕ ಕಾಯಬೇಕು. ಸಮ ಆದರೆ ಸರದಿ ಯಾರದೂ ಅಲ್ಲ, ಯಾರು ಮೊದಲು ಕೈ ಹಾಕಿದರೋ ಅವರದು. ಆದರೆ ಸಮ ಮಾಡಿಕೊಂಡವರನ್ನು ನಾನು ಕಂಡಿರಲಿಲ್ಲ. ಸಮ ಬೇಡುವುದೆಂದರೆ ನಮ್ಮೂರಲ್ಲಿ ಪಂಕ್ತಿಯಿಂದ ಅರ್ಧ ಊಟಕ್ಕೆ ಎದ್ದ ಹಾಗೆ. ನೋಡುವವರು ಆಟದ ಬಗ್ಗೆ ಬಾಯಿ ತೆರೆಯುವಂತಿಲ್ಲ, ತೆರೆದರೆ ಅವರ ಮನೆಯ ಸರದಿ ಹೋಗುತ್ತದೆ. ಒಂದೇ ಒಲೆಯವರು ಮಾತ್ರ ಮಾತಾಡಿಕೊಳ್ಳಬಹುದು. ಕತ್ತಲಾದರೆ ಮಣೆಯ ಮೇಲೆ ಬುಟ್ಟಿ ಕವುಚಿ, ಬೆಳಿಗ್ಗೆ ಮತ್ತೆ ಕೂರುವುದು. ಇದನ್ನೆಲ್ಲ ನೋಡಿಕೊಳ್ಳಲು ಇಮಾಮಸಾಬರು ಹೊಲಿಗೆ ಯಂತ್ರವನ್ನೇ ಜಗಲಿಗೆ ತಂದಿಟ್ಟುಕೊಂಡರು.

ನನಗೆ ಭಯ ಹತ್ತಿದ್ದು ಅಡಿವೆಪ್ಪನದಲ್ಲ, ನನ್ನ ಗಂಡನದು. ಬಾಳಪ್ಪನಿಗೆ ಗೊತ್ತಿರುವುದು ಒಂದೇ ಆಟ. ಮೊದಲು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಓಡಿಸುತ್ತಾನೆ. ಎದುರಿನವರೂ ಹಾಗೆಯೇ ಇಟ್ಟರೆ, ರಾಜನ ಪಕ್ಕದ ಕಾಲಾಳನ್ನು ಎರಡು ಮನೆ ಮುಂದೆ ತಳ್ಳಿ, "ತಗೋ, ತಿನ್ನು" ಅನ್ನುತ್ತಾನೆ. ಅದು ಪುಕ್ಕಟೆ ಕೊಡುವ ಕಾಲಾಳು. ಅದನ್ನು ತಿಂದವರು ಅದನ್ನೇ ಕಾಯುತ್ತ ಕೂತಾಗ ಇವನು ಕುದುರೆ, ಒಂಟೆ, ಮಂತ್ರಿ ಎಲ್ಲವನ್ನೂ ಹೊರಗೆ ತಂದು ಮೈಮೇಲೆ ಬೀಳುತ್ತಾನೆ. ಇವನ ರಾಜನ ಪಕ್ಕದ ಗೋಡೆಯೂ ಬಿದ್ದಿರುತ್ತದೆ, ಅದರ ಪರಿವೆ ಇಲ್ಲ. ಊರಿನವರು ಅದಕ್ಕೆ "ಬಾಳಪ್ಪನ ಬಾಗಿಲ ತೆಗೆದ ಆಟ" ಅಂತ ಹೆಸರಿಟ್ಟು ನಗುತ್ತಾರೆ. ಕಟ್ಟೆಯ ಮೇಲೆ ಆಡಿ ಅವನು ಗೆದ್ದದ್ದನ್ನು ನಾನಂತೂ ಕೇಳಿಲ್ಲ.

"ಇದೊಂದ ಸಲ ಎಲ್ಲಾರ ಹಂಗ ಆಡ್ರೀ. ಮನಿ ಬಾಗಿಲ ಹಾಕ್ಕೊಂಡ ಆಡ್ರಿ" ಅಂದೆ.

"ಬಾಗಿಲ ಹಾಕ್ಕೊಂಡ್ರ ಆ ಅಡಿವೆಪ್ಪನ ಮುಂದ ಆಟ ಮುಗಿಯೂದು ಮುಂದಿನ ದೀಪಾವಳಿಗೆ. ಅಂವಗ ನೆನಿಯಾಕ ಬಿಡಬಾರದು. ಹೊಡಿಬೇಕು."

ಅದರಲ್ಲಿ ಒಂದಿಷ್ಟು ಬುದ್ಧಿ ಇತ್ತು, ಅದಕ್ಕೇ ನಾನು ಸುಮ್ಮನಾದೆ.

ಮಂಗಳವಾರ ಬೆಳಿಗ್ಗೆ ಬಾಳಪ್ಪ ರಾಜನ ಮುಂದಿನ ಕಾಲಾಳು ಇಟ್ಟ. ಅಡಿವೆಪ್ಪ ಧೋತರ ಸರಿ ಮಾಡಿಕೊಂಡು, ಮೂಗು ಒರೆಸಿಕೊಂಡು, ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ತಾನೂ ಹಾಗೆಯೇ ಇಟ್ಟ. ಬಾಳಪ್ಪ ಪಟ್ಟನೆ ಪಕ್ಕದ ಕಾಲಾಳನ್ನು ತಳ್ಳಿದ. ತಗೋ, ತಿನ್ನು.

ಬೀದಿಯಲ್ಲಿ ನಗೆ ಎದ್ದಿತು. ಅಡಿವೆಪ್ಪ ನಗಲಿಲ್ಲ. ಆ ಕಾಲಾಳನ್ನು ನೋಡಿದ. ಯಾರೋ ಅವನ ಅಂಗಡಿಯಲ್ಲಿ ಮರೆತುಬಿಟ್ಟು ಹೋದ ಸಾಮಾನೇನೋ ಅನ್ನುವ ಹಾಗೆ ನೋಡಿದ. ಮಧ್ಯಾಹ್ನ ಆಯಿತು. ನಾನು ಎರಡು ಕಡೆಗೂ ರೊಟ್ಟಿ ಕೊಟ್ಟೆ. ಅವನು ಉಂಡ, ಕೈ ತೊಳೆದ, ಮತ್ತೆ ನೋಡಿದ. ಎತ್ತಿನ ಗಾಡಿಗಳು ಮಣೆಯನ್ನು ಬಳಸಿ ಹೋದವು. ಇಮಾಮಸಾಬರು ಒಂದು ಅಂಗಿಗೆ ಗುಂಡಿ ಹಚ್ಚಿ, ಇನ್ನೊಂದಕ್ಕೆ ಕಾಲರು ಹಚ್ಚಿ, ನಿದ್ದೆ ಮಾಡಿ ಎದ್ದರು.

"ಪುಕಟ ಕೊಟ್ಟದ್ದ ತಗೊಳ್ಳಾಕ ಇಷ್ಟ್ಯಾಕ ವಿಚಾರ?" ಬಾಳಪ್ಪ ಕೇಳಿದ.

"ಪುಕಟ ಕೊಟ್ಟದ್ದಕ್ಕ ಜಾಸ್ತಿ ವಿಚಾರ ಮಾಡಬೇಕು" ಅಂದ ಅಡಿವೆಪ್ಪ.

ಬುಟ್ಟಿ ಕವುಚುವ ಹೊತ್ತಿಗೆ ತಿಂದ.

ಬುಧವಾರ ಬಾಳಪ್ಪ ಕುದುರೆ ತಂದ. ಅಡಿವೆಪ್ಪ ತಿಂದದ್ದನ್ನು ಕಾಯಲು ಇನ್ನೊಂದು ಕಾಲಾಳನ್ನು ಮುಂದೆ ತಂದು, ಆಮೇಲೆ ಅದೇ ಕಾಲಾಳಿನಿಂದ ಕುದುರೆಯ ಮೇಲೆ ಬಂದ. ಬೇರೆ ಯಾರಾದರೂ ಕುದುರೆ ಎತ್ತಿಕೊಂಡು ಓಡುತ್ತಿದ್ದರು. ಬಾಳಪ್ಪ ಕುದುರೆಯನ್ನು ಅಲ್ಲೇ ಬಿಟ್ಟು ರಾಜನನ್ನು ಮೂಲೆಗೆ ಹಾಯಿಸಿ ಆನೆಯನ್ನು ಹೊರಗೆ ತಂದ. ಕುದುರೆಯೂ ಪುಕ್ಕಟೆ! ಹಲ್ಲು ಕೆತ್ತಿದ ಕುದುರೆ! ನನ್ನ ಕೈಯಲ್ಲಿದ್ದ ರೊಟ್ಟಿ ಹೊತ್ತಿಹೋಯಿತು.

ಗುರುವಾರ ಒಂಟೆಯನ್ನೂ ಕೊಟ್ಟ. ಕೊಟ್ಟದ್ದಲ್ಲ, ಅಡಿವೆಪ್ಪನ ರಾಜನ ಮನೆ ಬಾಗಿಲಿಗೇ ಎಸೆದ. ರಾಜ ಅದನ್ನು ತಿನ್ನಲು ಹೊರಗೆ ಬಂದ. ಮನೆಯಲ್ಲಿ ಉಪ್ಪು ಕೇಳಿದವರಿಗೆ ಸಕ್ಕರೆಯನ್ನೂ ಕೊಟ್ಟು ಕಳಿಸುವ ಗಂಡ ಇವನು, ಮಣೆಯ ಮೇಲಾದರೂ ಬೇರೆ ಆಗಬಹುದೆಂದು ನಾನು ನಂಬಿದ್ದೇ ತಪ್ಪು ಅಂದುಕೊಂಡೆ. ಆದರೆ ಬೀದಿಯಲ್ಲಿ ನಗೆ ನಿಂತಿದ್ದು ನನ್ನ ಗಮನಕ್ಕೆ ಬಂತು. ಆಟ ಬಲ್ಲವರೆಲ್ಲ ಮುಂದೆ ಬಗ್ಗಿದ್ದರು. ಬಾಯಿ ತೆರೆಯುವಂತಿಲ್ಲವಾದ್ದರಿಂದ ಮೂಗಿನಲ್ಲಿ ಉಸಿರು ಬಿಡುತ್ತಿದ್ದರು. ಇಮಾಮಸಾಬರ ಹೊಲಿಗೆ ಯಂತ್ರ ನಿಂತುಹೋಗಿತ್ತು.

ನನಗೆ ಆಟ ಅಷ್ಟಾಗಿ ತಿಳಿಯದು. ಆದರೂ ಅಡಿವೆಪ್ಪನ ಕರಿ ರಾಜ ಮನೆಮಠ ಬಿಟ್ಟು ಮಣೆಯ ನಡುಬಯಲಿಗೆ ಬಂದು ನಿಂತದ್ದು ಕಂಡಿತು. ಅವನ ಆನೆ, ಒಂಟೆ, ಕುದುರೆ ಎಲ್ಲ ಹುಟ್ಟಿದ ಮನೆಯಲ್ಲೇ ಹಾಯಾಗಿ ಕೂತಿದ್ದವು, ಒಂದೂ ಹೊರಗೆ ಬಂದಿರಲಿಲ್ಲ. ಅವನು ಗಂಟೆಗಟ್ಟಲೆ ನೆನೆಸಿ ತಿಂದದ್ದೆಲ್ಲ ಮಣೆಯ ಪಕ್ಕದಲ್ಲಿ ಸಾಲಾಗಿತ್ತು. ಬಾಳಪ್ಪನ ಹತ್ತಿರ ಉಳಿದದ್ದು ಕಮ್ಮಿ, ಆದರೆ ಉಳಿದದ್ದೆಲ್ಲ ಆ ಬಡಪಾಯಿ ರಾಜನ ಸುತ್ತ ನಿಂತಿತ್ತು.

ಶುಕ್ರವಾರ ಡಾಕ್ಟರಮ್ಮ ಹೊರಡುವ ದಿನ. ಬುಟ್ಟಿ ತೆಗೆದ ಕೂಡಲೇ ಬಾಳಪ್ಪ ಮಂತ್ರಿಯನ್ನು ಕರಿ ರಾಜನಿಗೆ ಎದುರಾಗಿ ಇಟ್ಟು "ಶಹ" ಅಂದ. ಎದ್ದು ನನ್ನ ಹತ್ತಿರ ಬಂದು ಕಿವಿಯಲ್ಲಿ, "ಸಾವಂತ್ರಿ, ಅಂವಗ ಇರೋದು ಒಂದ ಮನಿ. ರಾಜನ ಅಲ್ಲಿಗೆ ಒಯ್ಯಬೇಕು, ಬ್ಯಾರೆ ಏನೂ ಇಲ್ಲ. ಒಯ್ದ ಅಂದ್ರ ನಾ ಆನಿ ತಂದು ಮಾತ್! ಮುಗೀತು!" ಅಂದ. ಅವನ ಕಣ್ಣು ತುಂಬಿತ್ತು. ಮದುವೆಯಲ್ಲೂ ಅವನನ್ನು ನಾನು ಹಾಗೆ ನೋಡಿರಲಿಲ್ಲ.

ನಾನು ಅತ್ತೆಗೆ ತಲೆ ಬಾಚಿ, ಒಗೆದ ಸೀರೆ ಉಡಿಸಿ, ಜಗಲಿಗೆ ತಂದು ಕೂರಿಸಿದೆ. ಒಂದು ನಡೆ ಅಡಿವೆಪ್ಪನದು, ಒಂದು ನಮ್ಮದು. ಆಮೇಲೆ ಶಾಲೆಗೆ ನೂರು ಮಾರು.

ಅಡಿವೆಪ್ಪ ಯೋಚನೆ ಮಾಡುತ್ತ ಕೂತ.

ಇರುವುದು ಒಂದೇ ನಡೆ. ಒಂದೇ! ಆರಿಸಿಕೊಳ್ಳಲು ಎರಡನೆಯದಿಲ್ಲ. ಎಳೆ ಮಗುವಿನ ಕೈಗೆ ಕೊಟ್ಟರೂ ಅದನ್ನೇ ಇಡಬೇಕು. ಅಂಥದ್ದರ ಮೇಲೆ ಅವನು ಬೆಳಗಿನಿಂದ ಯೋಚನೆ ಮಾಡಿದ. ಮಧ್ಯಾಹ್ನದ ಊಟಕ್ಕೆ ಕೈ ತೊಳೆಯುವಾಗ ಕೂಡ ಮಣೆಯ ಕಡೆಯೇ ನೋಡಿದ. ಬೀದಿಯವರು ನರಳಿದರು. ಒಬ್ಬ ಮುದುಕ ತನ್ನ ಮಂಡಿಗೆ ತಾನೇ ಗುದ್ದಿಕೊಂಡ. ಒಬ್ಬಾಕೆ ಬಾಯಿ ತೆರೆಯಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡು ಮನೆಗೆ ಓಡಿದಳು.

ಡಾಕ್ಟರಮ್ಮ ಸ್ವತಃ ಬಂದರು. "ಏನ್ರೀ ಸಾವಂತ್ರೆವ್ವ, ಪೇಷಂಟ್ ಕರ್ಕೊಂಡು ಬರ್ತೀರೋ ಇಲ್ವೋ? ಐದು ಗಂಟೆಗೆ ಸಾಮಾನು ಕಟ್ಟಿಬಿಡ್ತೀವಿ. ಅವರಿಗೆ ಬೇಗ ಆಡೋಕೆ ಹೇಳಬಾರದಾ? ಆಟಕ್ಕೆ ಟೈಮ್ ಅಂತ ಇರಲ್ವಾ?"

ಇಮಾಮಸಾಬರು ಕನ್ನಡಕ ತೆಗೆದು, "ಅವರ ನಡಿ ಅವರದರಿ ಬಾಯಾರ. ಹೊತ್ತು ಇಷ್ಟ ಅಂತ ಹಾಕಾಕ ನಮ್ಮೂರಾಗ ಯಾರಿಗೂ ಅಧಿಕಾರಿಲ್ಲ" ಅಂದರು. ಆಮೇಲೆ ತಮ್ಮ ದವಡೆ ಮುಟ್ಟಿಕೊಂಡು, "ನನ್ನ ಕೈಯಾಗ ಇದ್ದಿದ್ರ ಯಾವಾಗ ಹಾಕ್ತಿದ್ದೆ" ಅಂದರು.

ಜಗಲಿಯಿಂದ ಅತ್ತೆ ಅಂದಳು, "ನಂಗ ಕಣ್ಣ ಕಾಣಂಗಿಲ್ಲ, ಆದ್ರೂ ಆ ಅಡಿವೆಪ್ಪನ ನಡಿ ಕಾಣಾಕತ್ತೈತಿ. ಅಂವಗ್ಯಾಕ ಕಾಣವಲ್ದು?"

ನಾನು ಒಂದು ಲೋಟ ಮಜ್ಜಿಗೆ ಹಿಡಿದು ಅಡಿವೆಪ್ಪನ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತೆ. ಆಟದ ಮಾತು ಆಡುವಂತಿಲ್ಲ, ಅವನ ಒಲೆ ಬೇರೆ, ನನ್ನ ಒಲೆ ಬೇರೆ. "ಕಾಕಾ, ಮೈಯಾಗ ಆರಾಮ ಐತೋ ಇಲ್ಲೋ?" ಅಂತಷ್ಟೇ ಕೇಳಿದೆ.

ಅವನು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. "ಒಂದ ನಡಿ ಐತಿ ಅಂತ ಎಲ್ಲಾರೂ ಉಸಿರ ಬಿಡಾಕತ್ತಾರ. ನಂಗ ಗೊತ್ತಿಲ್ಲೇನವ್ವ? ಮುಂಜಾನಿನ ಗೊತ್ತಾಗೈತಿ. ಎರಡಿದ್ರ ಆರಿಸಿ ಇಡಬಹುದು. ಒಂದ ಇದ್ದಾಗ ಇಟ್ಟರ ಮುಗೀತು." ತನ್ನ ಮನೆಯ ಕಡೆ ನೋಡಿದ. "ಮನ್ಯಾಗೂ ಹಂಗ. ಹಂಚ ಹಾಕಸು ಅಂತಿ. ಹಾಕಸಿದ್ನಿ ಅಂದ್ರ ಅದು ಅಕಿ ಇಲ್ಲದ ಮನಿ ಆಗ್ತೈತಿ. ಈಗ ಇರೋದು ಅಕಿ ಬಿಟ್ಟ ಹ್ವಾದ ಮನಿ. ಅದು ಬ್ಯಾರೆ, ಇದು ಬ್ಯಾರೆ."

ನನಗೆ ಅಯ್ಯೋ ಅನ್ನಿಸಿತು. ಅದರ ಹಿಂದೆಯೇ ಆ ಲೋಟದಿಂದ ಅವನ ನೆತ್ತಿಗೆ ಬಡಿಯಬೇಕು ಅಂತಲೂ ಅನ್ನಿಸಿತು. ಸತ್ತವಳ ಹಂಚು ಸರಿ, ಬದುಕಿರುವವಳ ಕಣ್ಣಿನ ಗತಿ ಏನು? ಆದರೆ ಅವನಿಗೆ ಅದನ್ನು ಹೇಳಿ ಏನು ಮಾಡಲಿ. ಹೇಳಿದರೆ, "ಹೌದವ್ವ, ಖರೇ" ಅಂತ ಒಪ್ಪಿಕೊಂಡು ಅದರ ಮೇಲೆ ಇನ್ನೆರಡು ದಿನ ಯೋಚನೆ ಮಾಡುವ ಆಸಾಮಿ. ಅವನಿಂದ ಆ ಕಾಯಿ ಎತ್ತಿಸಲು ಊರಿನಲ್ಲಿರುವ ಹೋಳಿಗೆಯೆಲ್ಲ ಸಾಲದು ಅಂತ ನನಗೆ ಗೊತ್ತಾಯಿತು. ಅವನ ಕೈಯಿಂದ ಆಗುವ ಕೆಲಸ ಯಾವುದು ಅಂತ ಯೋಚಿಸಿದೆ. ಕೈ ಎತ್ತಲಾರ. ತಲೆ? ತಲೆ ಅಲ್ಲಾಡಿಸಬಲ್ಲ.

ಎದ್ದು ಬಂದು ಬಾಳಪ್ಪನನ್ನು ನಮ್ಮ ಬಾಗಿಲ ಹಿಂದಕ್ಕೆ ಕರೆದೆ.

"ಸಮ ಕೇಳ್ರಿ."

ಅವನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಆಗ ಅವನ ಮುಖ ನೋಡಬಾರದಿತ್ತು.

"ಹುಚ್ಚ ಹಿಡದೈತೇನ ನಿನಗ? ಮಾತ್ ಐತಲೇ! ಒಂದ ನಡಿ! ಸಣ್ಣಂವ ಇದ್ದಾಗಿಂದ ಈ ಆಟ ಆಡೀನಿ. ಎಲ್ಲಾರೂ ನಕ್ಕಾರ. ಒಮ್ಮೆ ಆತು, ಒಮ್ಮೆ! ಕಾಲಾಳು ಕೊಟ್ಟೆ, ಕುದರಿ ಕೊಟ್ಟೆ, ಒಂಟಿ ಕೊಟ್ಟೆ, ಎಲ್ಲಾ ಕೊಟ್ಟು ಆ ರಾಜನ ಹೊರಗ ತಂದೆ. ನೋಡಿದಿಲ್ಲೋ, ಹೆಂಗ ಬಂತು ಅಂತ? ಈಗ ಸಮ ಅಂದ್ರ ನಾಳಿ ಏನಂತಾರ? ಬಾಳಪ್ಪ ಅಂಜಿದ ಅಂತಾರ."

"ಅಂತಾರ."

"ನಾ ಗೆದ್ದೀನಿ!"

"ಗೆದ್ದೀರಿ. ನಂಗ ಆಟ ತಿಳಿಯೂದಿಲ್ಲ, ಆದ್ರೂ ಕಂಡೈತಿ, ಭಾರಿ ಛಲೋ ಗೆದ್ದೀರಿ. ಆದ್ರ ಆ ಮನಶ್ಯಾ ಸೋಲಾಕ ಕೈ ಎತ್ತವಲ್ಲ. ಇವತ್ತ ಎತ್ತೂದಿಲ್ಲ, ನಾಳಿ ಎತ್ತೂದಿಲ್ಲ. ಡಾಕ್ಟರ್ ಬಾಯಾರು ಗಂಟ ಕಟ್ಟಾಕತ್ತಾರ. ನಿಮ್ಮ ಗೆಲುವು ಮಣಿ ಮ್ಯಾಲ ಕುಂತಿರ್ತೈತಿ, ನಿಮ್ಮವ್ವ ಕತ್ತಲದಾಗ ಕುಂತಿರ್ತಾಳ."

ಜಗಲಿಯಿಂದ ಎಲ್ಲ ಕೇಳುತ್ತಿದ್ದ ಅತ್ತೆ ನಡುವೆ ಬಾಯಿ ಹಾಕಿದಳು. "ಇರ್ಲಿ ಬಿಡ ಸಾವಂತ್ರಿ. ಅಂವ ಗೆಲ್ಲಲಿ. ನಂದೇನು, ಇಷ್ಟ ದಿನ ಹ್ವಾತು, ಇನ್ನೆಷ್ಟ ದಿನ."

ಇದೊಂದು ಬೇಕಿತ್ತು! ಮೂರೂ ಕಡೆಯಿಂದ ನನ್ನನ್ನು ಅರೆಯಲು ಇವರೆಲ್ಲ ಮಾತಾಡಿಕೊಂಡು ಬಂದಿದ್ದಾರೇನೋ ಅನ್ನಿಸಿತು. ಬಾಗಿಲಿಗೆ ಒರಗಿ ನಿಂತೆ. ಬಾಳಪ್ಪ ತಾಯಿಯ ಕಡೆ ನೋಡಿದ. ಅವಳು ಅವನಿರುವ ದಿಕ್ಕು ಬಿಟ್ಟು ಕಂಬದ ಕಡೆಗೆ ಮುಖ ಮಾಡಿ ನಗುತ್ತಿದ್ದಳು, ಮಗನೇ ಅಲ್ಲಿ ನಿಂತಿದ್ದಾನೆಂದುಕೊಂಡು.

ಅವನು ಹೊರಗೆ ಹೋದ. ಮಣೆಯ ಮುಂದೆ ಕೂತ. ಆನೆಯನ್ನು ಬೆರಳಿನಿಂದ ಮುಟ್ಟದೆ, ಅದು ಹೋಗಿ ನಿಲ್ಲಬೇಕಾಗಿದ್ದ ಮನೆಯ ತನಕ ಗಾಳಿಯಲ್ಲಿ ಕೈ ಒಯ್ದ. ಆಮೇಲೆ ಕೈ ಮಡಿಲಲ್ಲಿ ಇಟ್ಟುಕೊಂಡು, "ಅಡಿವೆಪ್ಪಣ್ಣಾ, ಸಮ..." ಅಂದ.

ಮಾತು ಪೂರ್ತಿ ಬಾಯಿಂದ ಬರುವ ಮೊದಲೇ ಅಡಿವೆಪ್ಪನ ತಲೆ ಅಲ್ಲಾಡಿತು. ಇಡೀ ಜೀವಮಾನದಲ್ಲಿ ಅವನು ಅಷ್ಟು ಬೇಗ ಮಾಡಿದ ಕೆಲಸ ಇನ್ನೊಂದಿರಲಿಕ್ಕಿಲ್ಲ.

"ಸಮಾ!" ಇಮಾಮಸಾಬರು ಜಗಲಿಯಿಂದ ಕೂಗಿದರು. "ಸರದಿ ಖಾಲಿ! ಓಡ್ರಿ!"

ಬೀದಿ ಒಮ್ಮೆಲೇ ಬಾಯಿ ಬಿಟ್ಟಿತು. ನಾಲ್ಕು ದಿನ ಹಿಡಿದಿಟ್ಟ ಮಾತು ಒಟ್ಟಿಗೆ ಹೊರಬಂದರೆ ಹೇಗಿರುತ್ತದೋ ಹಾಗೆ. ಅದನ್ನು ಕೇಳಲು ನಮಗೆ ಪುರುಸೊತ್ತಿರಲಿಲ್ಲ. ಬಾಳಪ್ಪ ತಾಯಿಯನ್ನು ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂರಿಸಿದ, ನಾನು ಹಿಂದಿನಿಂದ ಹಿಡಿದುಕೊಂಡೆ.

"ತಡಿಯಲೇ, ನಿನ್ನ ತಂಗಿ ಕೊಟ್ಟ ಹೊಸಾ ಚಪ್ಪಲಿ ಪೆಟ್ಟಿಗ್ಯಾಗ ಐತಿ. ಡಾಕ್ಟರ ಮುಂದ ಹೊಂಟೀನಿ, ಹಾಕ್ಕೊಂಡ..." ಅಂತ ಅತ್ತೆ ಶುರು ಮಾಡಿದಳು.

"ಬ್ಯಾಡ!" ನಾನು, ಬಾಳಪ್ಪ, ಇಮಾಮಸಾಬರು ಮೂವರೂ ಒಟ್ಟಿಗೆ ಕಿರುಚಿದೆವು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟದ್ದು ಹೊರಗೆ ತೆಗೆದ ದಿನವೇ ಮನೆಗೆ ಬಂದ ಲೆಕ್ಕ; ಖಾಲಿ ಬಿದ್ದ ಸರದಿ ಒಂದು ಜೋಡು ಚಪ್ಪಲಿಗೆ ಹೋಗಿದ್ದರೆ ನಾನು ಅವತ್ತೇ ಬಾವಿ ನೋಡಿಕೊಳ್ಳುತ್ತಿದ್ದೆ. ಅತ್ತೆ ಬರಿಗಾಲಲ್ಲೇ ಹೋದಳು, ದಾರಿಯುದ್ದ ಅದಕ್ಕೆ ಬೈಯುತ್ತ.

ಡಾಕ್ಟರಮ್ಮ ಕಟ್ಟಿದ ಗಂಟು ಬಿಚ್ಚಿದರು. "ಒಂದು ಕಣ್ಣು ಮಾಡ್ತೀನಿ. ಒಂದು ಸಲಕ್ಕೆ ಒಂದೇ. ಇನ್ನೊಂದು ಮುಂದಿನ ವರ್ಷ" ಅಂದರು. ಒಂದು ಕಣ್ಣು ಅಂದರೆ ಒಂದು ಸರದಿ, ಅದು ನನಗೆ ಅಲ್ಲೇ ಹೊಳೆಯಿತು. ಹೇಳಲಿಲ್ಲ. ಬಾಳಪ್ಪನಿಗೂ ಹೊಳೆದಿರಬೇಕು, ಅವನೂ ಹೇಳಲಿಲ್ಲ.

ಪಟ್ಟಿ ಬಿಚ್ಚಿದ ದಿನ ಅತ್ತೆ ಮೊದಲು ನನ್ನ ಅಡುಗೆ ಮನೆ ನೋಡಿ, ಮಸಿ ಹಿಡಿದ ಗೋಡೆಯ ವಿಷಯವಾಗಿ ನನ್ನ ತವರಿನವರನ್ನೆಲ್ಲ ನೆನೆಸಿಕೊಂಡಳು. ಆಮೇಲೆ ಜಗಲಿಗೆ ಬಂದು ಎದುರು ನೋಡಿ, "ಇಂವನೇನ ಅಡಿವೆಪ್ಪ? ಎಷ್ಟ ಬತ್ತ್ಯಾನ! ಇಂವಗ ಸಾವಂತ್ರಿ, ನಾಕ ರೊಟ್ಟಿ ಜಾಸ್ತಿ ಕೊಡಲೇ" ಅಂದಳು. ಅವತ್ತಿಂದ ಜೋಳ ಹಸನು ಮಾಡುವ ಕೆಲಸ ಅವಳೇ ತೆಗೆದುಕೊಂಡಳು. ಈಗ ಹಿಟ್ಟಿನಲ್ಲಿ ಕಲ್ಲಿಲ್ಲ.

ಬಾಳಪ್ಪ ಅಂಗಡಿ ಮುಚ್ಚಿದ ಮೇಲೆ ದಿನಾ ಜಗಲಿಯಲ್ಲಿ ಮಣೆ ಹರಡಿ, ಶುಕ್ರವಾರ ಕಾಯಿಗಳು ಎಲ್ಲಿ ನಿಂತಿದ್ದವೋ ಅಲ್ಲೇ ನಿಲ್ಲಿಸುತ್ತಾನೆ. ಹೋಗಿ ಬರುವವರನ್ನು ಕರೆದು, "ನೋಡ್ರಿ, ರಾಜ ಇಲ್ಲಿಗೆ, ನನ್ನ ಆನಿ ಇಲ್ಲಿಗೆ, ಮಾತ್" ಅಂತ ತೋರಿಸುತ್ತಾನೆ. ಅವರು ನೋಡುತ್ತಾರೆ, ಹೌದು ಅನ್ನುತ್ತಾರೆ, ಹೋಗುವಾಗ, "ಆದ್ರ ಸಮ ಆತಲ್ಲ?" ಅನ್ನುತ್ತಾರೆ. ಒಂದು ದಿನ ಅಡಿವೆಪ್ಪನೇ ಬಂದು ಕೂತ. ಕರಿ ರಾಜನನ್ನು ಬಹಳ ಹೊತ್ತು ನೋಡಿ, "ಬಾಳಪ್ಪಾ, ನಾ ಇನ್ನೂ ವಿಚಾರ ಮಾಡಾಕತ್ತೀನಿ" ಅಂದ. ಬಾಳಪ್ಪ ಎದ್ದು ಒಳಗೆ ಹೋಗಿ ನೀರು ಕುಡಿದು ಬಂದ.

ಅಡಿವೆಪ್ಪನ ಹಂಚು ಹಾಗೆಯೇ ಇದೆ. ಅತ್ತೆಯ ಕಣ್ಣು ನಮ್ಮ ಸರದಿ ಆದ್ದರಿಂದ, ಈಗ ಮತ್ತೆ ಅವನದು. ನಾನು ರೊಟ್ಟಿ ಕಳಿಸುತ್ತಿದ್ದೇನೆ.

ನಮಗೆ ಸಿಕ್ಕಿದ್ದು ಅತ್ತೆಯ ಬಲಗಣ್ಣು. ಹೋದದ್ದು ಬಾಳಪ್ಪ ಗೆದ್ದ ಒಂದೇ ಒಂದು ಆಟ. ಎಡಗಣ್ಣು ಇನ್ನೂ ಮಬ್ಬಾಗಿದೆ.